ಸೂಚನಾ ಫಲಕದ ಹಳದಿ ಪಟ್ಟಿ

ತಿಹೊಮಿರನ ಕಥೆ ಹೇಳಬೇಕಾದರೆ ಮೊದಲು ನನ್ನ ತಪ್ಪು ಒಪ್ಪಿಕೊಳ್ಳಬೇಕು. ಊರವರ ಬಾಯಿಂದ ಉಪ್ಪುಖಾರ ಹಚ್ಚಿಸಿಕೊಂಡು ಕೇಳುವುದಕ್ಕಿಂತ ನನ್ನ ಬಾಯಿಂದಲೇ ಕೇಳಿ. ಆ ಹಳದಿ ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸಿದವಳು ನಾನು.

ನನ್ನ ಹೆಸರು ದರಿಂಕಾ. ಬ್ರೆಸ್ತೊವಾರಿನ ವೈದ್ಯಕೀಯ ಕಾಲೇಜಿನ ಕಚೇರಿಯಲ್ಲಿ, ವಿದ್ಯಾರ್ಥಿಗಳ ಕಿಟಕಿಯ ಹಿಂದೆ ಮೂವತ್ತೇಳು ವರ್ಷದಿಂದ ಕೂತಿದ್ದೇನೆ. ಪರೀಕ್ಷೆಗೆ ಹೆಸರು ಕೊಡಬೇಕೆಂದರೂ ನನ್ನ ಹತ್ತಿರ ಬರಬೇಕು, ಕಾಲೇಜು ಬಿಡಬೇಕೆಂದರೂ ನನ್ನ ಹತ್ತಿರವೇ ಬರಬೇಕು. ಕಿಟಕಿ ತೆರೆಯುವುದು ಹನ್ನೊಂದರಿಂದ ಒಂದರವರೆಗೆ, ಅದರ ನಡುವೆ ನನ್ನ ಕಾಫಿ. ಮಕ್ಕಳು ಬೆನ್ನ ಹಿಂದೆ ನನ್ನನ್ನು ‘ಅಸಿಡಿಟಿ’ ಎಂದು ಕರೆಯುತ್ತಾರೆ, ನನಗೆ ಗೊತ್ತು. ಕರೆಯಲಿ. ಮೂರು ಸಾವಿರ ಮಕ್ಕಳಿಗೆ ಒಂದೇ ಕಿಟಕಿಯಾದರೆ ಯಾರ ಬಾಯಲ್ಲಿ ಜೇನು ಸುರಿಯುತ್ತದೆ?

ತಿಹೊಮಿರನದು ಕಾಲೇಜಿನ ಹಿಂದಿನ ಓಣಿಯ ಜೆರಾಕ್ಸ್ ಅಂಗಡಿ. ಎರಡು ಯಂತ್ರ, ಅದರಲ್ಲಿ ಒಂದಕ್ಕೆ ಸದಾ ಕಾಯಿಲೆ. ಗೋಡೆಯುದ್ದಕ್ಕೂ ಹೊಲಿದು ಕಟ್ಟಿದ ನೋಟ್ಸುಗಳು. ಹೆಗಲಿನಿಂದ ಕೈಗೆ ಇಳಿಯುವ ನರಗಳ ಜಾಲವನ್ನು ಅವನು ನಾಲ್ಕು ಬಣ್ಣದ ಪೆನ್ನಿನಲ್ಲಿ ಬಿಡಿಸಿದ ಹಾಳೆ ಒಂದಿದೆ. ಆ ಹಾಳೆ ನೋಡದೆ ಈ ಊರಿನಲ್ಲಿ ಯಾರೂ ಡಾಕ್ಟರಾಗಿಲ್ಲ. ನನ್ನ ಮೊಣಕಾಲು ಕೊಯ್ದ ಸರ್ಜನ್ ಕೂಡ ಅದನ್ನು ಕಂಠಪಾಠ ಮಾಡಿಯೇ ಪಾಸಾದವನು. ಬಿಡಿಸಿದವನು ಮಾತ್ರ ಪಾಸಾಗಲಿಲ್ಲ.

ಅವನು ಸೇರಿದ್ದು ಎಂಬತ್ತೇಳರಲ್ಲಿ, ನಾನು ಕೆಲಸಕ್ಕೆ ಸೇರಿದ ವರ್ಷವೇ. ಇಂಡೆಕ್ಸ್ ಎಂದು ನಾವು ಕರೆಯುವ ಅಂಕಗಳ ಕಿರುಪುಸ್ತಕಕ್ಕೆ ಅವನ ಹೆಸರು ಬರೆದವಳು ನಾನೇ: ಸಂಖ್ಯೆ 214/87. ಅಂಗರಚನೆಯ ಪರೀಕ್ಷೆ ಬಾಯಿಪರೀಕ್ಷೆ. ಚೀಟಿ ಎತ್ತಬೇಕು, ಪ್ರೊಫೆಸರರ ಎದುರು ಕೂತು ಹೇಳಬೇಕು. ತಿಹೊಮಿರ್ ಚೀಟಿ ಎತ್ತುತ್ತಿದ್ದ, ಬಾಯಿ ತೆರೆಯುತ್ತಿದ್ದ, ಒಳಗಿಂದ ಏನೂ ಬರುತ್ತಿರಲಿಲ್ಲ. ಬಾಗಿಲ ಹೊರಗೆ ಅದನ್ನೇ ಗೆಳೆಯರಿಗೆಲ್ಲ ಗಡಗಡನೆ ಹೇಳಿಕೊಡುತ್ತಿದ್ದ. ಹೀಗೆ ಏಳು ಸಲ. ಎಂಟನೇ ಸಲ ಹೆಸರು ಕೊಡಲು ಬರಲಿಲ್ಲ. ಆ ಕಾಲದಲ್ಲಿ ಅದಕ್ಕೆ ಒಂದು ಹೆಸರೂ ಇರಲಿಲ್ಲ. ‘ಒಂದು ಗುಟುಕು ರಾಕಿಯಾ ಸಾರಾಯಿ ಹಾಕ್ಕೊಂಡು ಹೋಗು, ನಾಲಿಗೆ ತಾನೇ ಸಡಿಲವಾಗತ್ತೆ’ ಎನ್ನುವುದೇ ಚಿಕಿತ್ಸೆ. ಹಾಗೆ ಹೇಳಿದವರಲ್ಲಿ ನಾನೂ ಒಬ್ಬಳು.

ಅವನ ಹಳ್ಳಿ ಬೆಟ್ಟದ ಮೇಲಿನ ಕ್ರುಷೆವಿತ್ಸಾ. ಅಪ್ಪ ನೋಡಲು ಬರುತ್ತಾನೆಂದರೆ ಇವನು ಗೆಳೆಯರಿಂದ ಮುಂದಿನ ವರ್ಷದ ನೋಟ್ಸ್ ಕಡ ತಂದು ಕೋಣೆಯ ಕಪಾಟಿನಲ್ಲಿ ಜೋಡಿಸುತ್ತಿದ್ದ. ಅಪ್ಪ ಅವುಗಳ ಬೆನ್ನ ಮೇಲೆ ಕೈಯಾಡಿಸಿ ಸಂತೋಷಪಟ್ಟು ಹೋಗುತ್ತಿದ್ದ. ತೊಂಬತ್ತನಾಲ್ಕರ ಚಳಿಗಾಲದಲ್ಲಿ ಅಪ್ಪ ಹಾಸಿಗೆ ಹಿಡಿದ. “ಓದು ಮುಗೀತೇನೋ?” ಎಂದು ಕೇಳಿದ. “ಮುಗೀತಪ್ಪಾ” ಎಂದ ಇವನು. ಅಷ್ಟೇ. ಮೂರನೇ ದಿನ ಅಪ್ಪ ತೀರಿಕೊಂಡ. ಮಣ್ಣಿಗೆ ಬಂದ ಇಡೀ ಹಳ್ಳಿ ಇವನ ಕೈಹಿಡಿದು ‘ಡಾಕ್ಟ್ರೇ, ಧೈರ್ಯ ತಗೊಳ್ಳಿ’ ಎಂದಿತು. ಆ ಹೊತ್ತಿನಲ್ಲಿ ಯಾರಾದರೂ ‘ನಾನು ಡಾಕ್ಟರಲ್ಲ’ ಎನ್ನುತ್ತಾರೆಯೇ? ಇವನೂ ಅನ್ನಲಿಲ್ಲ. ಆಮೇಲೆ ಅನ್ನಲು ಒಳ್ಳೆಯ ಹೊತ್ತು ಬರಲೇ ಇಲ್ಲ.

ಸುಳ್ಳು ಹೆಚ್ಚು ದೂರ ನಡೆಯುವುದಿಲ್ಲ ಎನ್ನುತ್ತಾರೆ. ಇವನ ಸುಳ್ಳಿಗೆ ಬಸ್ಸಿತ್ತು, ಪ್ರತಿ ಭಾನುವಾರ ಎಂಟೂವರೆಗೆ. ರಕ್ತದೊತ್ತಡ ನೋಡುವ ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಅಮ್ಮನ ಬಳಿಗೆ ಹೋಗುತ್ತಿದ್ದ. ಹಳ್ಳಿಯ ಮುದುಕಿಯರು ಅಂಗಿಯ ತೋಳು ಮೇಲಕ್ಕೆ ಮಡಿಚಿಕೊಂಡು ಸಾಲಾಗಿ ಕೂತಿರುತ್ತಿದ್ದರು. ಒತ್ತಡ ನೋಡಿ, ಸಂಖ್ಯೆ ಹೇಳಿ, “ಪೇಟೆ ಆಸ್ಪತ್ರೆಗೆ ಹೋಗಿ ತೋರಿಸಿ” ಎನ್ನುತ್ತಿದ್ದ. “ನೀವೇ ಡಾಕ್ಟ್ರಲ್ವಾ?” ಎಂದು ಕೇಳಿದರೆ “ನಾನು ಪಾಠ ಹೇಳೋ ಕಡೆ ಇರೋನು” ಎನ್ನುತ್ತಿದ್ದ. ಒಂದು ದಿನವೂ ಯಾರಿಗೂ ಒಂದು ಮಾತ್ರೆ ಬರೆದುಕೊಟ್ಟವನಲ್ಲ, ಅದನ್ನು ಹೇಳಲೇಬೇಕು. ಹಳ್ಳಿಯವರು ಪೇಟೆಗಿಳಿದರೆ ಆಸ್ಪತ್ರೆಗೋ ಸಂತೆಗೋ ಹೋಗುತ್ತಾರೆಯೇ ಹೊರತು ಕಾಲೇಜಿನ ಹಿಂದಿನ ಓಣಿಗೆ ಬರುವುದಿಲ್ಲ. ಮೂವತ್ತು ವರ್ಷ ಹೀಗೇ ಕಳೆಯಿತು.

ಆ ಬಸ್ಸಿನ ಚಾಲಕ ಮಿಲಿಸಾವ್, ಅದೇ ಹಳ್ಳಿಯವನು. ಮೂರು ವರ್ಷದ ಹಿಂದೆ ಅವನ ಮಗಳು ಯಾಗೊದಾಗೆ ನಮ್ಮ ಕಾಲೇಜಿನಲ್ಲಿ ಸೀಟು ಸಿಕ್ಕಿತು. “ಡಾಕ್ಟ್ರೇ, ನಿಮ್ಮ ಕಾಲೇಜಿಗೇ ಬಿಟ್ಟಿದೀನಿ. ಒಂದು ಕಣ್ಣಿಟ್ಟಿರಿ” ಎಂದ ಮಿಲಿಸಾವ್. ಮೊದಲ ವಾರವೇ ಆ ಹುಡುಗಿ ನೋಟ್ಸ್ ಕೊಳ್ಳಲು ಅಂಗಡಿಗೆ ಬಂದಳು. ಕೈತುಂಬ ಮಸಿ ಮಾಡಿಕೊಂಡು ಯಂತ್ರದ ಹೊಟ್ಟೆಯೊಳಗೆ ತಲೆ ಹಾಕಿದ್ದ ತಿಹೊಮಿರ್ ಎದ್ದು ನೋಡಿದ. ಕೈಯ ಮಸಿಯನ್ನು ಅಂಗಿಗೆ ಒರೆಸಿಕೊಂಡನಂತೆ. ಕೊನೆಗೆ ಅವಳೇ, “ಅಂಗರಚನೆ ನೋಟ್ಸ್ ಇದೆಯಾ?” ಎಂದು ಕೇಳಿದಳು. ಮನೆಯಲ್ಲಿ ಬಾಯಿ ಬಿಡಲಿಲ್ಲ. ಎಂಥ ಒಳ್ಳೆಯ ಹುಡುಗಿ ಎಂದು ನನಗೆ ಇವನು ಹೇಳಿಕೊಂಡ. ಅವಳು ಅಂದು ಏನು ಕಲಿತಳೆಂದು ನಮಗಿಬ್ಬರಿಗೂ ತಿಳಿಯಲಿಲ್ಲ.

ಈಗ ಹಳದಿ ಪಟ್ಟಿಗೆ ಬರುತ್ತೇನೆ. ಹೋದ ಅಕ್ಟೋಬರಿನಲ್ಲಿ ‘ಆಸರೆ’ ಎಂಬ ಆಪ್ ಬಂತು. ವಾರಕ್ಕೊಮ್ಮೆ ಫೋನಿನಲ್ಲಿ ಒಂಬತ್ತು ಪ್ರಶ್ನೆ: ನಿದ್ದೆ ಬರುತ್ತದೆಯೇ, ಊಟ ರುಚಿಸುತ್ತದೆಯೇ, ಬದುಕು ಬೇಡವೆನಿಸುತ್ತದೆಯೇ, ಹೀಗೆ. ಉತ್ತರ ನೋಡಿ ಹಸಿರು ಇಲ್ಲವೇ ಹಳದಿ ತೋರಿಸುತ್ತದೆ. ಅದನ್ನು ಮಕ್ಕಳಿಗೆ ತಿಳಿಸಿ ಹೇಳಲು ಡಾಕ್ಟರ್ ಮಿರೊಸ್ಲಾವಾ ಬಂದಳು. ಮನೋವೈದ್ಯೆ, ಮೂವತ್ತರ ಆಸುಪಾಸು, ಇದೇ ಕಾಲೇಜಿನಲ್ಲಿ ಓದಿದವಳು. ಹಾಜರಿ ಹಾಳೆ ಹಿಡಿದು ನಾನೂ ದೊಡ್ಡ ಸಭಾಂಗಣದಲ್ಲಿದ್ದೆ.

ಚೆನ್ನಾಗಿಯೇ ಹೇಳಿದಳು. “ಫೋನು ಮನುಷ್ಯನ ಬದಲಿ ಅಲ್ಲ, ಮನುಷ್ಯನ ಮನೆ ಬಾಗಿಲು ತೋರಿಸೋ ಬೆರಳು ಅಷ್ಟೇ” ಎಂದಳು. ಯಾವ ಆಪ್ ಆದರೂ ಅದನ್ನು ಯಾರು ಮಾಡಿದರು, ನಮ್ಮ ಉತ್ತರ ಎಲ್ಲಿಗೆ ಹೋಗುತ್ತದೆ ಎಂದು ಮೊದಲು ಕೇಳಬೇಕಂತೆ. ಹಳದಿ ಎಂದರೆ ರೋಗವಲ್ಲ, ಯಾರೊಡನಾದರೂ ಮಾತಾಡಿದರೆ ಒಳ್ಳೆಯದು ಎಂದಷ್ಟೇ. ಕೆಳಗಿರುವ ಗುಂಡಿ ಒತ್ತಿದರೆ ಎರಡು ದಿನದೊಳಗೆ ಅವಳೇ ಫೋನ್ ಮಾಡುತ್ತಾಳೆ. “ನಾಳೆ ನಿಮ್ಮ ರೋಗಿಗಳಿಗೂ ನೀವೇ ಇದನ್ನ ಹೇಳ್ಕೊಡಬೇಕಾಗತ್ತೆ. ಮೊದಲು ನಿಮಗೇ ಬಳಸಿ ನೋಡಿ” ಎಂದಳು. ನಂತರ, ಪ್ರಶ್ನೆಗಳಿದ್ದರೆ ಕೇಳಿ ಎಂದಳು.

“ಎಷ್ಟು ಬಂದ್ರೆ ಪಾಸು, ಡಾಕ್ಟ್ರೇ?” ಎಂದು ಹಿಂದಿನ ಸಾಲಿನಿಂದ ಒಬ್ಬ ಕೇಳಿದ. ಎಲ್ಲರೂ ನಕ್ಕರು.

“ಪಾಸು ಫೇಲು ಇಲ್ಲ. ಸರಿ ಉತ್ತರ ಅಂತಾನೂ ಇಲ್ಲ.”

“ಪರೀಕ್ಷೆಗೆ ಬರತ್ತಾ?” ಎಂದಳು ಮುಂದಿನ ಸಾಲಿನ ಒಬ್ಬಳು, ತಮಾಷೆಯಿಲ್ಲದೆ.

“ಇಲ್ಲ. ಇದು ನಿಮಗೋಸ್ಕರ.”

ಸಭಾಂಗಣದಲ್ಲಿ ಪೆನ್ನುಗಳು ಕೆಳಗೆ ಬಿದ್ದ ಸದ್ದು ನನಗೆ ಕೇಳಿಸಿತು. ಆಗ ಉಪ ಡೀನ್ ಎದ್ದು ನಿಂತ. ವಾರ ವಾರವೂ ತುಂಬದವರಿಗೆ ಇಂಡೆಕ್ಸಿನಲ್ಲಿ ಸಹಿ ಇಲ್ಲ, ಸಹಿ ಇಲ್ಲದವರಿಗೆ ಪರೀಕ್ಷೆ ಇಲ್ಲ ಎಂದ. ಪೆನ್ನುಗಳೆಲ್ಲ ಮೇಲೆದ್ದವು. ಮಿರೊಸ್ಲಾವಾಳ ಮುಖ ಸಪ್ಪಗಾಯಿತು. ವೇದಿಕೆಯ ಪಕ್ಕದಲ್ಲಿ ಅವನೊಡನೆ ವಾದ ಮಾಡಿದಳು. “ಕಡ್ಡಾಯ ಮಾಡದೆ ಇವರು ಹಲ್ಲೂ ಉಜ್ಜಲ್ಲ” ಎಂದು ಅವನು ಮಾತು ಮುಗಿಸಿದ.

ಮೊದಲ ಶುಕ್ರವಾರ ನನ್ನ ಕಂಪ್ಯೂಟರಿಗೆ ಪಟ್ಟಿ ಬಂತು. ನಲವತ್ತಮೂರು ಹಳದಿ ಹೆಸರು. ‘ಇವರು ಡಾ. ಮಿರೊಸ್ಲಾವಾ ಅವರನ್ನು ಕಾಣುವಂತೆ ತಿಳಿಸುವುದು’ ಎಂದು ಉಪ ಡೀನ್ ಬರೆದಿದ್ದ. ನಾನೇನು ಮಾಡಿದೆ? ಮೂವತ್ತೇಳು ವರ್ಷ ಯಾವ ಪಟ್ಟಿ ಬಂದರೂ ಮಾಡಿದ್ದನ್ನೇ ಮಾಡಿದೆ. ಅಚ್ಚು ಹಾಕಿದೆ, ಮೊಹರು ಒತ್ತಿದೆ, ತೆಗೆದುಕೊಂಡು ಹೋಗಿ ಜೀವರಸಾಯನದ ಫಲಿತಾಂಶದ ಪಕ್ಕದಲ್ಲಿ ಅಂಟಿಸಿದೆ. ತಲೆಬರಹವನ್ನೂ ಹಾಕಿದೆ: ‘ಹಳದಿ’. ಬಂದು ಕಾಫಿ ಕುಡಿದೆ.

ಒಂದು ಗಂಟೆಯ ಮೇಲೆ ಮಿರೊಸ್ಲಾವಾ ಓಡಿಬಂದಳು. ಕಿತ್ತ ಹಾಳೆ ಅವಳ ಕೈಯಲ್ಲಿತ್ತು.

“ದರಿಂಕಕ್ಕಾ, ಏನ್ ಮಾಡ್ಬಿಟ್ರಿ?”

“ಪಟ್ಟಿ ಅಂದ್ಮೇಲೆ ಫಲಕಕ್ಕೆ ಹೋಗತ್ತೆ, ಡಾಕ್ಟ್ರೇ. ಬೇರೆ ಎಲ್ಲಿಗೆ ಹೋಗ್ಬೇಕಿತ್ತು?”

ಅವಳು ಬೈಯಲಿಲ್ಲ. ಬೈದಿದ್ದರೆ ನನಗೂ ಎದುರು ಮಾತು ಸಿಗುತ್ತಿತ್ತು. ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟಳು. ಅಷ್ಟು ಹೊತ್ತಿಗೆ ಪಟ್ಟಿಯ ಫೋಟೊ ಮೂರು ಸಾವಿರ ಫೋನಿಗೆ ಹೋಗಿಯಾಗಿತ್ತು. ಹದಿನೇಳನೆಯ ಹೆಸರು ಯಾಗೊದಾಳದು.

ಮುಂದಿನ ವಾರ ತಿಹೊಮಿರನ ಅಂಗಡಿಗೆ ಹೊಸ ಹಾಳೆ ಬಂತು. ಯಾವ ಉತ್ತರ ಒತ್ತಿದರೆ ಹಸಿರು ಬರುತ್ತದೆಂದು ನಾಲ್ಕನೇ ವರ್ಷದ ಯಾರೋ ಲೆಕ್ಕ ಹಾಕಿ ತಂದುಕೊಟ್ಟಿದ್ದರು. ತಿಹೊಮಿರ್ ಅದನ್ನು ತನ್ನ ಮುದ್ದಾದ ಅಕ್ಷರದಲ್ಲಿ ಬರೆದು ಒಂದೇ ಪುಟಕ್ಕೆ ಕೂಡಿಸಿದ. ಕೆಳಗೆ ಬುದ್ಧಿಮಾತು ಬೇರೆ: ‘ನಿದ್ದೆಗೆ “ಕೆಲವೊಮ್ಮೆ ತೊಂದರೆ” ಎಂದು ಒತ್ತಿ. ಎಲ್ಲವೂ ಚೆನ್ನ ಎಂದರೆ ಯಂತ್ರ ನಂಬುವುದಿಲ್ಲ.’ ಮಕ್ಕಳಿಗೆ ಪರೀಕ್ಷೆಯಿದ್ದರೆ ಅವನ ಬಳಿ ಹಾಳೆ ಇರುತ್ತದೆ, ಅದು ಅವನ ಕಸುಬು. ಎರಡನೇ ಶುಕ್ರವಾರ ನನಗೆ ಬಂದ ಪಟ್ಟಿಯ ಮೇಲೆ ‘ಅಂಟಿಸಬಾರದು’ ಎಂದು ಕೆಂಪಕ್ಷರವಿತ್ತು. ಅಂಟಿಸಲು ಏನೂ ಇರಲಿಲ್ಲ. ಒಂದು ಹೆಸರೂ ಹಳದಿಯಿಲ್ಲ. ಇಡೀ ದೇಶದಲ್ಲಿ ನಮ್ಮ ಮಕ್ಕಳಷ್ಟು ಸುಖಿಗಳಿಲ್ಲ ಎಂದು ಉಪ ಡೀನ್ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದ. ನನಗೂ ಸಮಾಧಾನವಾಯಿತು, ಸುಳ್ಳೇಕೆ ಹೇಳಲಿ. ನನ್ನ ತಪ್ಪು ತೊಳೆದುಹೋಯಿತು ಎಂದುಕೊಂಡೆ.

ನವೆಂಬರಿನ ಒಂದು ಬುಧವಾರ ಹನ್ನೊಂದೂವರೆಗೆ, ನನ್ನ ಕಾಫಿಯ ಹೊತ್ತಿನಲ್ಲಿ, ನಾನು ತಿಹೊಮಿರನ ಅಂಗಡಿಯಲ್ಲಿ, ಕಾಯಿಲೆಯ ಯಂತ್ರದ ಹಿಂದಿನ ಸ್ಟೂಲಿನ ಮೇಲೆ ಮಾಂಸ ತುಂಬಿದ ಬೂರೆಕ್ ರೊಟ್ಟಿ ತಿನ್ನುತ್ತ ಕೂತಿದ್ದೆ. ಯಾಗೊದಾ ಬಂದಳು. ಕಣ್ಣಿನ ಸುತ್ತ ಕಪ್ಪು, ಜಾಕೆಟ್ಟು ಒಂದು ಅಳತೆ ದೊಡ್ಡದಾಗಿತ್ತು. ಬಹುಶಃ ಅವಳೇ ಸಣ್ಣಗಾಗಿದ್ದಳು. ಹಸಿರು ಬರಿಸುವ ಹಾಳೆ ಬೇಕು, ಮೂರನೇ ವರ್ಷದ ರೋಗಶಾಸ್ತ್ರದ ನೋಟ್ಸ್ ಬೇಕು ಎಂದಳು. ನಾನು ಹಿಂದಿರುವುದು ಅವಳಿಗೆ ಕಾಣಲಿಲ್ಲ.

ತಿಹೊಮಿರ್ ನೋಟ್ಸ್ ಕೆಳಗಿಳಿಸಲಿಲ್ಲ. “ಕಳೆದ ವರ್ಷ ಎರಡನೇ ವರ್ಷದ್ದು ತಗೊಂಡೆ. ವಾಪಸ್ ತಂದಾಗ ಒಂದು ಹಾಳೆನೂ ಬಿಡಿಸಿರಲಿಲ್ಲ. ಅಂಗರಚನೆದು ಮಾತ್ರ ಚಿಂದಿ ಆಗಿತ್ತು, ನಾನೇ ಎರಡು ಸಲ ಹೊಲಿದುಕೊಟ್ಟೆ. ಅಪ್ಪ ಯಾವತ್ತು ಬರ್ತಾರೆ?”

ಅವಳು ಜಾಕೆಟ್ಟಿನ ಜಿಪ್ಪನ್ನು ಮೇಲೆಳೆದುಕೊಂಡಳು.

“ಕಪಾಟಲ್ಲಿ ಜೋಡಿಸಿಡಕ್ಕೆ ತಾನೇ? ಎಷ್ಟು ಸಲ ಕೂತೆ ಅಂಗರಚನೆಗೆ?”

“ಐದು.” ಆಮೇಲೆ ಸಣ್ಣ ದನಿಯಲ್ಲಿ, “ಈ ಶನಿವಾರ ಬರ್ತಾರೆ. ಮೂರನೇ ವರ್ಷ ಅಂತ ಹಳ್ಳಿಗೆಲ್ಲ ಹೇಳಿದಾರೆ.”

“ಆಸರೆಯಲ್ಲಿ ನಿಜ ಒತ್ತು, ಪುಟ್ಟಾ. ಆ ಡಾಕ್ಟ್ರು ಒಳ್ಳೆಯವಳು.”

“ನಿಜ ಒತ್ತಿದ್ದೆನಲ್ಲ, ಒಂದು ಸಲ. ಫಲಕದ ಮೇಲೆ ಹೋದೆ. ಹಾಸ್ಟೆಲಲ್ಲಿ ಈಗ್ಲೂ ನನ್ನ ಹಳದಿ ಅಂತಾನೇ ಕರೀತಾರೆ.”

ನಾನು ಬೂರೆಕ್ಕನ್ನು ಕಾಗದದೊಳಗೆ ಮಡಿಚಿಟ್ಟೆ.

“ನಿನಗೆ ಈ ಹಾಳೆ ಕೊಡಲ್ಲ” ಎಂದ ತಿಹೊಮಿರ್.

“ಬೇರೆಯವರ ಹತ್ರ ಇಸ್ಕೋತೀನಿ. ನೀವ್ಯಾಕೆ ಇಷ್ಟು ತಲೆ ಕೆಡಿಸ್ಕೋತೀರಾ, ಡಾಕ್ಟ್ರೇ? ನೀವು ಮೂವತ್ತು ವರ್ಷ ತಳ್ಳಲಿಲ್ವಾ? ನಾನೂ ತಳ್ತೀನಿ.” ವ್ಯಂಗ್ಯ ಮಾಡಿದ್ದಲ್ಲ. ಹಿರಿಯರನ್ನು ನೋಡಿ ಕಲಿತವರು ಹೇಳುವಂತೆ ಹೇಳಿದಳು. “ತಳ್ಳಕ್ಕಾಗದೆ ಇದ್ರೆ ನೋಡ್ಕೊಂಡ್ರಾಯ್ತು” ಎಂದು ಸೇರಿಸಿ ಹೊರಟುಹೋದಳು. ಆ ಕೊನೆಯ ಮಾತು ಜೀವಕ್ಕೇ ಸಂಬಂಧಿಸಿದ್ದೆಂದು ನಮ್ಮಿಬ್ಬರಿಗೂ ತಿಳಿಯಿತು.

ತಿಹೊಮಿರ್ ಅಂದು ಮಧ್ಯಾಹ್ನ ಅಂಗಡಿ ಮುಚ್ಚಿದ. ಮಿರೊಸ್ಲಾವಾಗೆ ನಾನು ಹೇಳಿದೆ. ಅವಳು ಯಾಗೊದಾಗೆ ಐದು ಸಲ ಫೋನ್ ಮಾಡಿದಳು, ಹಾಸ್ಟೆಲಿಗೂ ಹೋದಳು. ಹುಡುಗಿ ಬಾಗಿಲ ಸಂದಿಯಿಂದ ಫೋನ್ ತೋರಿಸಿ, “ನಾನು ಹಸಿರು, ನೋಡಿ” ಎಂದಳಂತೆ.

ಶುಕ್ರವಾರ ಪಟ್ಟಿ ಬಂತು. ಒಂದೇ ಒಂದು ಹೆಸರು. ಯಾಗೊದಾ ಇರಬಹುದೆಂದು ಕನ್ನಡಕ ಹಾಕಿಕೊಂಡೆ. 214/87, ತಿಹೊಮಿರ್, ಮೊದಲನೇ ವರ್ಷ. ಹಳೆಯ ನಿಯಮದವರಿಗೆ ಓದು ಮುಗಿಸಲು ಸರ್ಕಾರ ಗಡುವು ಮುಂದೂಡುತ್ತಲೇ ಬಂದಿದೆ. ಇವನು ಹೆಸರು ತೆಗೆಸಲು ಬರಲಿಲ್ಲ, ನಾನು ತೆಗೆಯಲಿಲ್ಲ. ಅವನ ಇಂಡೆಕ್ಸ್ ನನ್ನ ಕೆಳಗಿನ ಡ್ರಾಯರಿನಲ್ಲಿ ಮೂವತ್ತು ವರ್ಷದಿಂದ ಮಲಗಿತ್ತು. ಆಸರೆ ಕೇಳುವುದು ಇಂಡೆಕ್ಸ್ ಸಂಖ್ಯೆಯನ್ನು ಮಾತ್ರ. ಒಂಬತ್ತಕ್ಕೆ ಒಂಬತ್ತನ್ನೂ ಅವನು ನಿಜವಾಗಿ ಒತ್ತಿದ್ದ.

ಹನ್ನೊಂದಕ್ಕೆ ಕಿಟಕಿ ತೆರೆದರೆ ಎಲ್ಲರಿಗಿಂತ ಮುಂದೆ ಅವನೇ ನಿಂತಿದ್ದ. ಹಿಂದೆ ಮಕ್ಕಳ ಸಾಲು.

“ಬಂತಾ?”

“ಬಂತು.”

“ಅಂಟಿಸು.”

“ಹುಚ್ಚು ಹಿಡಿದಿದ್ಯೇನೋ? ಅಂಟಿಸಬಾರದು ಅಂತ ಬರೆದಿದೆ. ನಾನೊಂದು ಸಲ ಸುಟ್ಕೊಂಡಿದ್ದು ಸಾಕು.”

“ಆವತ್ತು ಯಾರನ್ನೂ ಕೇಳದೆ ಅಂಟಿಸಿದೆ. ಇವತ್ತು ನಾನೇ ಕೇಳ್ತಿದೀನಿ. ನಾನು ಬಾಯಿ ತೆಗೆದು ಹೇಳಕ್ಕೆ ಹೋದ್ರೆ ಏನಾಗತ್ತೆ ಅಂತ ನಿಂಗೊತ್ತು. ಅಂಟಿಸು, ದರಿಂಕಾ. ಅವಳು ಓದಲಿ.”

ಅಚ್ಚು ಹಾಕಿದೆ, ಮೊಹರು ಒತ್ತಿದೆ, ಅವನ ಜೊತೆಯೇ ನಡೆದುಹೋಗಿ ಅಂಟಿಸಿದೆ. ಕೆಳಗೆ ಅವನೇ ತನ್ನ ಮುದ್ದಾದ ಅಕ್ಷರದಲ್ಲಿ ಒಂದು ಸಾಲು ಬರೆದ: ‘ಅಂಗರಚನೆ, ಏಳು ಸಲ. ಮನೆಯಲ್ಲಿ ಇನ್ನೂ ಹೇಳಿಲ್ಲ.’ ಅವನ ಚಿತ್ರ ನೋಡಿ ಪಾಸಾದ ಮಕ್ಕಳೆಲ್ಲ ಬಂದು ಓದಿದರು. ಯಾರೂ ನಗಲಿಲ್ಲ. ಯಾರೂ ಫೋಟೊ ತೆಗೆಯಲಿಲ್ಲ ಎಂದರೆ ಸುಳ್ಳಾಗುತ್ತದೆ, ತೆಗೆದರು. ಆ ಫೋಟೊ ಹಾಸ್ಟೆಲಿಗೆ ಮುಟ್ಟಿತು, ಅದೇ ನಮಗೆ ಬೇಕಾಗಿದ್ದದ್ದು.

ಫೋನ್ ಮಾಡುವ ಬದಲು ಮಿರೊಸ್ಲಾವಾ ಅಂದು ಸಂಜೆ ಅಂಗಡಿಗೇ ಬಂದಳು. ಎರಡೂ ಯಂತ್ರ ಆರಿಸಿ, ಕಾಗದದ ಕಟ್ಟುಗಳ ಮೇಲೆ ಕೂತು ಇಬ್ಬರೂ ಬಹಳ ಹೊತ್ತು ಮಾತಾಡಿದರು. ಆರು ಗಂಟೆಗೆ ಯಾಗೊದಾ ಬಾಗಿಲು ತಳ್ಳಿಕೊಂಡು ಬಂದಳು. “ನಾನು ಗುಂಡಿ ಒತ್ತಿದೀನಿ. ಎರಡು ದಿನ ಕಾಯಬೇಕಾ?” ಎಂದು ಕೇಳಿದಳು. ಮಿರೊಸ್ಲಾವಾ ಸರಿದು ಜಾಗ ಕೊಟ್ಟಳು.

ಶನಿವಾರ ಮಿಲಿಸಾವ್ ಹೊಗೆ ಹಾಕಿದ ಮಾಂಸ, ಕೆನೆ ಎಲ್ಲ ಕಟ್ಟಿಕೊಂಡು ಬಂದ. ಮಗಳು ಅವನನ್ನು ಹಾಸ್ಟೆಲಿಗೆ ಕರೆದೊಯ್ಯಲಿಲ್ಲ, ನೇರವಾಗಿ ಅಂಗಡಿಗೆ ಕರೆತಂದಳು. ಮಸಿಯ ಅಂಗಿ ತೊಟ್ಟ ತಿಹೊಮಿರನನ್ನು ಅವನು ನೋಡಿದ, ಮಗಳನ್ನು ನೋಡಿದ. ಇಬ್ಬರೂ ಒಬ್ಬರಾದ ಮೇಲೊಬ್ಬರು ಹೇಳಿದರು. ತಿಹೊಮಿರನ ನಾಲಿಗೆ ಎರಡು ಸಲ ಕಟ್ಟಿತು. ಆಗೆಲ್ಲ ಉಳಿದದ್ದನ್ನು ಹುಡುಗಿಯೇ ಮುಗಿಸಿದಳು. ಮಿಲಿಸಾವ್ ಕೂತು ಟೋಪಿ ತೆಗೆದು, “ಬದುಕಿದೀಯಲ್ಲ” ಎಂದು ಮಗಳಿಗೆ ಹೇಳಿದ. ತಿಹೊಮಿರನತ್ತ ತಿರುಗದೆ ಎದ್ದುಹೋದ. ಮಾಂಸದ ಗಂಟು ಯಂತ್ರದ ಮೇಲೆಯೇ ಉಳಿಯಿತು.

ಭಾನುವಾರ ಎಂಟೂವರೆ ಬಸ್ಸಿಗೆ ನಾನೂ ಹೊರಟೆ. “ಒಬ್ಬನೇ ಹೋದ್ರೆ ಮತ್ತೆ ಬಾಯಿ ಕಟ್ಟತ್ತೆ” ಎಂದು ಅವನೇ ಕರೆದಿದ್ದ. ಡ್ರಾಯರಿನಿಂದ ತೆಗೆದ ಇಂಡೆಕ್ಸ್ ನನ್ನ ಕೈಚೀಲದಲ್ಲಿತ್ತು. ಬಸ್ಸಿನ ಮೆಟ್ಟಿಲ ಬಳಿ ತಿಹೊಮಿರ್ ಕಾಲು ಎತ್ತಲಾರದೆ ನಿಂತ. ಚಾಲಕನ ಸೀಟಿನಿಂದ ಮಿಲಿಸಾವ್ ನೋಡುತ್ತಿದ್ದ.

“ಹತ್ತು, ತಿಹೊಮಿರ್. ಬಾಗಿಲು ಹಾಕ್ಬೇಕು.”

ಹಿಂದಿನಿಂದ ಒಬ್ಬ ಮುದುಕಿ, “ಏನೋ ಮಿಲಿಸಾವ್, ಡಾಕ್ಟ್ರನ್ನ ಹೀಗಾ ಮಾತಾಡ್ಸೋದು?” ಎಂದು ಗದರಿದಳು.

“ಸರಿಯಾಗೇ ಕರೆದ, ಅಜ್ಜಿ” ಎಂದು ತಿಹೊಮಿರ್ ಹತ್ತಿದ. ಮೂವತ್ತು ವರ್ಷದಲ್ಲಿ ಆ ಬಸ್ಸಿನಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆದಿರಲಿಲ್ಲ.

ಅವನ ಅಮ್ಮ ಅಂಗಳದ ಬೆಂಚಿನ ಮೇಲೆ ಕಾಯುತ್ತಿದ್ದರು. ವಯಸ್ಸು ಎಂಬತ್ತೆರಡು, ಮಗ ಬರುವ ಹೊತ್ತಿಗೆ ಅಂಗಿಯ ಎಡ ತೋಳನ್ನು ಆಗಲೇ ಮೇಲಕ್ಕೆ ಮಡಿಚಿಕೊಂಡಿದ್ದರು. ಚಳಿಗೆ ಆ ಕೈ ನೀಲಿಗಟ್ಟಿತ್ತು.

“ಅಮ್ಮಾ, ಅಂಗಿ ತೋಳು ಇಳಿಸು” ಎಂದ.

“ಯಾಕೋ? ಇವತ್ತು ನೋಡಲ್ವಾ?”

ಅವನು ಪಕ್ಕದಲ್ಲಿ ಕೂತ. ಬಾಯಿ ತೆರೆದ, ಏನೂ ಬರಲಿಲ್ಲ. ಪರೀಕ್ಷೆಯ ಕೋಣೆಯ ಬಾಗಿಲ ಸಂದಿಯಿಂದ ನಾನು ನೋಡಿದ್ದ ಅದೇ ಮುಖ. ಈ ಸಲ ನಾನು ರಾಕಿಯಾ ಕುಡಿ ಎನ್ನಲಿಲ್ಲ. ಇಂಡೆಕ್ಸ್ ತೆಗೆದು ಅವನ ಮೊಣಕಾಲ ಮೇಲಿಟ್ಟು, ಇನ್ನೊಂದು ಪಕ್ಕದಲ್ಲಿ ಕೂತು ಕಾದೆ. ಅವನು ಅಮ್ಮನ ಅಂಗಿಯ ಮಡಿಚಿದ ತೋಳನ್ನು ತಾನೇ ನಿಧಾನವಾಗಿ ಇಳಿಸಿ ಗುಂಡಿ ಹಾಕಿದ.

“ಅಮ್ಮಾ,” ಎಂದ, “ಅಪ್ಪ ಕೇಳಿದಾಗ ಮುಗಿದಿರಲಿಲ್ಲ.”